ಗ್ರಂಥಪಾಲಕರ ಇಂಗ್ಲಿಷ್ ಪ್ರೌಢಿಮೆ: ಟಿ. ದಾಸರಹಳ್ಳಿಯನ್ನು ನಿದರ್ಶನವಾಗಿಟ್ಟುಕೊಂಡು ಒಂದು ವಿಮರ್ಶೆ

1

ಹಲವು ಭಾಷೆಗಳ ದೇಶವೊಂದರಲ್ಲಿ ಗ್ರಂಥಪಾಲಕನಿಗೆ ಎಷ್ಟು ಇಂಗ್ಲಿಷ್ ಬರಬೇಕು ಎಂಬ ಪ್ರಶ್ನೆ ಮೇಲ್ನೋಟಕ್ಕೆ ಚಿಕ್ಕದು. ನೇಮಕಾತಿ ಮಾಡುವವರೂ ತರಬೇತಿ ಕೊಡುವವರೂ ತಮ್ಮೊಳಗೇ ತೀರ್ಮಾನಿಸಿಕೊಳ್ಳಬಹುದಾದ ಸಂಗತಿ ಇದೆಂದು ತೋರುವುದುಂಟು. ಆದರೆ ಈ ಪ್ರಶ್ನೆಗೆ ನಮ್ಮಲ್ಲಿ ರೂಢಿಯಾಗಿರುವ ಉತ್ತರಗಳನ್ನು ಎದುರುಬದುರಾಗಿ ಇಟ್ಟು ನೋಡಿದರೆ, ಸಾರ್ವಜನಿಕ ಗ್ರಂಥಾಲಯವೆಂಬುದು ಯಾರಿಗಾಗಿ ಇದೆ ಎಂಬ ಮೂಲಪ್ರಶ್ನೆಯೇ ಇದರೊಳಗೆ ಅಡಗಿರುವುದು ವಿದಿತವಾಗುತ್ತದೆ.

ರೂಢಿಯ ಉತ್ತರಗಳು ಎರಡು. ಗ್ರಂಥಾಲಯಶಾಸ್ತ್ರದ ಆಕರಗಳೆಲ್ಲ ಇಂಗ್ಲಿಷಿನಲ್ಲಿರುವುದರಿಂದ, ಇಂಗ್ಲಿಷಿನಲ್ಲಿ ಪ್ರೌಢಿಮೆಯುಳ್ಳವನೇ ಉತ್ತಮ ಗ್ರಂಥಪಾಲಕನೆಂಬುದು ಮೊದಲನೆಯದು. ಸಾರ್ವಜನಿಕ ಗ್ರಂಥಾಲಯವು ಜನರದು, ಜನರ ಭಾಷೆ ಕನ್ನಡ. ಆದಕಾರಣ ಕನ್ನಡವೊಂದು ಬಂದರೆ ಸಾಕು, ಇಂಗ್ಲಿಷ್ ಬರಿಯ ಆಡಂಬರವೆಂಬುದು ಎರಡನೆಯದು. ಒಂದನ್ನು ವಿದ್ಯಾಪೀಠಗಳಲ್ಲಿಯೂ ಮತ್ತೊಂದನ್ನು ಸಭೆಗಳಲ್ಲಿಯೂ ಹೆಚ್ಚಾಗಿ ಕೇಳುತ್ತೇವೆ. ಇವೆರಡೂ ಒಂದಕ್ಕೊಂದು ವಿರುದ್ಧವಾಗಿ ಕಂಡರೂ ಒಂದೇ ತಪ್ಪಿನ ಮೇಲೆ ನಿಂತಿವೆಯೆಂಬುದು ನಮ್ಮ ಅಭಿಪ್ರಾಯ. ಗ್ರಂಥಪಾಲಕನ ಭಾಷಾಜ್ಞಾನವನ್ನು ಸೇರಿನಲ್ಲಿ ಅಳೆಯುವ ಧಾನ್ಯದಂತೆ ಒಂದೇ ರಾಶಿಯೆಂದು ಎರಡೂ ಪಕ್ಷದವರು ಭಾವಿಸಿದ್ದಾರೆ. ಆತನ ಕೆಲಸದಲ್ಲಿ ಭಾಷೆ ಎಲ್ಲೆಲ್ಲಿ, ಯಾವ ಯಾವ ರೀತಿಯಲ್ಲಿ ಬಳಕೆಯಾಗುತ್ತದೆಂದು ಬಿಡಿಸಿ ನೋಡಿದವರು ವಿರಳ.

ನಾವು ಇತಿಹಾಸದ ಅಧ್ಯಾಪಕರು. ಗ್ರಂಥಾಲಯಶಾಸ್ತ್ರವು ನಮ್ಮ ವೃತ್ತಿಯಲ್ಲ. ಆದರೂ ಇತಿಹಾಸದ ಅಭ್ಯಾಸಿಗೆ ಗ್ರಂಥಾಲಯದ ಸೂಚಿಯೇ ಮೊದಲ ಆಕರ. ಸೂಚಿ ತಪ್ಪಿದರೆ ಆಕರವೂ ತಪ್ಪುತ್ತದೆ. ಈ ಅಧಿಕಾರದಿಂದಲೇ ಪ್ರಕೃತ ವಿಷಯವನ್ನು ವಿಮರ್ಶಿಸಲು ಹೊರಟಿದ್ದೇವೆ.

2

ಮೈಸೂರು ಸೀಮೆಯ ಇತಿಹಾಸದಲ್ಲಿ ಈ ಪ್ರಶ್ನೆಗೆ ಒಂದು ಉಜ್ಜ್ವಲವಾದ ನಿದರ್ಶನವಿದೆ. ಮೈಸೂರಿನ ಓರಿಯಂಟಲ್ ಲೈಬ್ರರಿ 1891ರಲ್ಲಿ ಸ್ಥಾಪಿತವಾಯಿತು. ಅಲ್ಲಿ ಗ್ರಂಥಪಾಲಕರಾಗಿದ್ದ ಆರ್. ಶಾಮಶಾಸ್ತ್ರಿಗಳು, ತಂಜಾವೂರು ಸೀಮೆಯ ಪಂಡಿತರೊಬ್ಬರಿಂದ ಬಂದಿದ್ದ ತಾಳೆಗರಿಯ ಕಟ್ಟೊಂದರಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವನ್ನು 1905ರ ಹೊತ್ತಿಗೆ ಗುರುತಿಸಿದರು. ಮೂಲಪಾಠವನ್ನು 1909ರಲ್ಲಿಯೂ ಇಂಗ್ಲಿಷ್ ಅನುವಾದವನ್ನು 1915ರಲ್ಲಿಯೂ ಪುಸ್ತಕರೂಪದಲ್ಲಿ ಪ್ರಕಟಿಸಿದರು. ಇಂಗ್ಲಿಷ್ ಅನುವಾದಕ್ಕೆ ಶಾಸನತಜ್ಞ ಜೆ. ಎಫ್. ಫ್ಲೀಟ್ ಪ್ರಸ್ತಾವನೆ ಬರೆದರು. ಅಲ್ಲಿಯವರೆಗೆ ಇತರ ಗ್ರಂಥಗಳ ಉಲ್ಲೇಖಗಳಿಂದ ಮಾತ್ರ ತಿಳಿದಿದ್ದ ಕೃತಿಯೊಂದು ಹೀಗೆ ವಿದ್ವಲ್ಲೋಕದ ಕೈಗೆ ಬಂದಿತು. ಪ್ರಾಚೀನ ಭಾರತದ ರಾಜ್ಯತಂತ್ರವನ್ನು ಕುರಿತು ಅದುವರೆಗೆ ಬರೆದಿದ್ದನ್ನೆಲ್ಲ ತಿದ್ದಿ ಬರೆಯಬೇಕಾಯಿತು.

ಈ ಶೋಧವನ್ನು ಸಾಮಾನ್ಯವಾಗಿ ಪಾಂಡಿತ್ಯದ ವಿಜಯವೆಂದು ಹೊಗಳುವುದುಂಟು. ಗ್ರಂಥಪಾಲನೆಯ ದೃಷ್ಟಿಯಿಂದ ಇದನ್ನು ಬಿಡಿಸಿ ನೋಡಿದವರು ಕಡಿಮೆ. ತಾಳೆಗರಿ ಗ್ರಂಥಲಿಪಿಯಲ್ಲಿತ್ತು, ಕನ್ನಡಲಿಪಿಯನ್ನಾಗಲಿ ದೇವನಾಗರಿಯನ್ನಾಗಲಿ ಮಾತ್ರ ಬಲ್ಲವನಿಗೆ ಅದು ಬರಿಯ ಗೀಟುಗಳ ಕಟ್ಟು. ಭಾಷೆ ಸಂಸ್ಕೃತ, ಆ ಶಾಸ್ತ್ರದ ಪರಿಭಾಷೆ ತಿಳಿಯದವನಿಗೆ ಲಿಪಿ ಬಂದರೂ ಅರ್ಥವಾಗದು. ಇವೆರಡರ ಬಲದಿಂದ ಗ್ರಂಥವನ್ನು ಗುರುತಿಸಿದ ಮೇಲೆ, ಅದನ್ನು ಲೋಕಕ್ಕೆ ಮುಟ್ಟಿಸಲು ಇಂಗ್ಲಿಷ್ ಬೇಕಾಯಿತು. ಇಲ್ಲಿ ಮೂರು ಸಾಮರ್ಥ್ಯಗಳು ಮೂರು ಬೇರೆ ಬೇರೆ ಕೆಲಸಗಳನ್ನು ಮಾಡಿವೆ: ಪುಸ್ತಕವನ್ನು ಓದಿ ಗುರುತಿಸುವುದು ಒಂದು, ಅದರ ಸ್ಥಾನವನ್ನು ನಿರ್ಣಯಿಸುವುದು ಇನ್ನೊಂದು, ಬೇಕಾದವರಿಗೆ ಅದನ್ನು ತಲುಪಿಸುವುದು ಮತ್ತೊಂದು. ಇಂಗ್ಲಿಷಿನಲ್ಲಿ ಎಷ್ಟೇ ಪ್ರವೀಣನಾದರೂ ಗ್ರಂಥಲಿಪಿ ಬಾರದ ಗ್ರಂಥಪಾಲಕನು ಆ ಕಟ್ಟನ್ನು ಬಟ್ಟೆಯಲ್ಲಿ ಸುತ್ತಿ ಮತ್ತೆ ಕಪಾಟಿನಲ್ಲಿಡುತ್ತಿದ್ದ. ಗ್ರಂಥಲಿಪಿಯೂ ಸಂಸ್ಕೃತವೂ ಬಂದು ಇಂಗ್ಲಿಷ್ ಬಾರದವನ ಶೋಧವು ಮೈಸೂರಿನ ಪಂಡಿತಮಂಡಲಿಯನ್ನು ದಾಟಲು ಎಷ್ಟು ಕಾಲ ಹಿಡಿಯುತ್ತಿತ್ತೋ ಹೇಳಲಾಗದು.

ಇದೇ ಕಾಲದಲ್ಲಿ ಸಾರ್ವಜನಿಕ ಗ್ರಂಥಾಲಯದ ಬೇರೊಂದು ಪರಂಪರೆಯೂ ನಮ್ಮಲ್ಲಿ ಮೊದಲಾಯಿತು. ಬೆಂಗಳೂರಿನ ಕಬ್ಬನ್ ಉದ್ಯಾನದಲ್ಲಿ ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಸ್ಮಾರಕಭವನದಲ್ಲಿ 1915ರಲ್ಲಿ ಸಾರ್ವಜನಿಕ ಪುಸ್ತಕಭಂಡಾರ ತೆರೆಯಿತು. ಇಂದಿನ ರಾಜ್ಯ ಕೇಂದ್ರ ಗ್ರಂಥಾಲಯ ಅದೇ. ಅರ್ಧ ಶತಮಾನ ಕಳೆದ ಮೇಲೆ 1965ರ ಮೈಸೂರು ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆಯಿಂದ ಈ ಸೇವೆಗೆ ಶಾಸನದ ಆಧಾರ ದೊರೆಯಿತು. ಇದಕ್ಕೂ ಮೊದಲು ಮದರಾಸು 1948ರಲ್ಲಿ ಇಂಥ ಕಾಯಿದೆ ಮಾಡಿತ್ತು. ನಮ್ಮ ಕಾಯಿದೆಯ ಮೇರೆಗೆ ಆಸ್ತಿತೆರಿಗೆಯ ಜೊತೆಯಲ್ಲಿ ಗ್ರಂಥಾಲಯ ಕರವೂ ವಸೂಲಾಗುತ್ತದೆ. ಈಗ ಅದು ತೆರಿಗೆಯ ರೂಪಾಯಿಗೆ 6 ಪೈಸೆ. ಈ ಆರು ಪೈಸೆಯನ್ನು ಮನೆಯ ಒಡೆಯನು ಕಟ್ಟುವನಾದರೂ, ಬಾಡಿಗೆಯ ರೂಪದಲ್ಲಿ ಒಕ್ಕಲಿನವನೂ ಅದರ ಪಾಲುಗಾರನೇ. ಎಂದಮೇಲೆ ಆ ಒಕ್ಕಲಿನವನ ಭಾಷೆ ಯಾವುದೆಂಬುದು ಗ್ರಂಥಾಲಯಕ್ಕೆ ಸಂಬಂಧಿಸಿದ ಪ್ರಶ್ನೆಯಾಗುತ್ತದೆ.

3

ಗ್ರಂಥಪಾಲಕನ ಉಪಕರಣಗಳನ್ನು ಈಗ ಪರಿಶೀಲಿಸೋಣ. ಮೆಲ್ವಿಲ್ ಡ್ಯೂಯಿ 1876ರಲ್ಲಿ 44 ಪುಟಗಳ ಸಣ್ಣ ಹೊತ್ತಿಗೆಯಾಗಿ ಹೊರತಂದ ದಶಾಂಶ ವರ್ಗೀಕರಣವು ಇಂದು ಹಲವು ಸಂಪುಟಗಳಾಗಿ ಬೆಳೆದು, ನಮ್ಮ ಬಹುಪಾಲು ಗ್ರಂಥಾಲಯಗಳಲ್ಲಿ ಬಳಕೆಯಲ್ಲಿದೆ. ಅದರಲ್ಲಿ ಇಂಗ್ಲಿಷ್ ಸಾಹಿತ್ಯಕ್ಕೆ 820 ಎಂಬ ಮೂರಂಕೆ ಸಾಕು. ಕನ್ನಡ ಸಾಹಿತ್ಯಕ್ಕೆ 894.814 ಎಂಬ ಆರು ಅಂಕೆಗಳನ್ನು ಬರೆಯಬೇಕು. ಕ್ರೈಸ್ತಮತಕ್ಕೆ 220ರಿಂದ 280ರವರೆಗಿನ ಮನೆಗಳೆಲ್ಲ ಮೀಸಲು. ಪಂಪ ರನ್ನರ ಮತವಾದ ಜೈನಕ್ಕೆ 294.4 ಎಂಬ ಮೂಲೆ ಮಾತ್ರ. ಕನ್ನಡ ಪುಸ್ತಕಗಳೇ ಹೆಚ್ಚಾಗಿರುವ ಗ್ರಂಥಾಲಯದಲ್ಲಿ ಪ್ರತಿಯೊಂದು ಕಾದಂಬರಿಯ ಬೆನ್ನಿಗೂ ಈ ಉದ್ದದ ಅಂಕೆಯನ್ನು ಅಂಟಿಸುವುದೆಂದರೆ, ನಮ್ಮ ಮನೆಯೊಳಗೆ ನಾವೇ ದೂರದ ನೆಂಟರಾಗಿ ನಡೆದುಕೊಂಡಂತೆ.

ಈ ದೋಷವನ್ನು ಎತ್ತಿ ತೋರಿಸಿ, ಆದ್ದರಿಂದ ಇಂಗ್ಲಿಷಿನ ಉಪಕರಣಗಳೇ ಬೇಡವೆನ್ನುವವರಿದ್ದಾರೆ. ಆದರೆ ಇಲ್ಲಿ ಒಂದು ಸೂಕ್ಷ್ಮವಿದೆ. ಸ್ಥಳೀಯ ಭಾಷೆಗೆ ಪ್ರಾಧಾನ್ಯ ಕೊಡಬಯಸುವ ಗ್ರಂಥಾಲಯವು ಆ ಭಾಷೆಯನ್ನು ವರ್ಗದ ಮೊದಲಲ್ಲಿಟ್ಟು ಚಿಕ್ಕ ಸಂಕೇತವನ್ನು ಬಳಸಬಹುದೆಂದು ಡ್ಯೂಯಿ ಪದ್ಧತಿಯ ಟಿಪ್ಪಣಿಗಳಲ್ಲಿಯೇ ಅನುಮತಿಯುಂಟು. 1957ರಲ್ಲಿ ಬೆಂಗಳೂರಿಗೆ ಬಂದು 1972ರಲ್ಲಿ ಇಲ್ಲಿಯೇ ತೀರಿಕೊಂಡ ಎಸ್. ಆರ್. ರಂಗನಾಥನ್ ಅವರು 1933ರಲ್ಲಿ ಪ್ರಕಟಿಸಿದ ಕೋಲನ್ ವರ್ಗೀಕರಣದಲ್ಲಿಯೂ ಗ್ರಂಥಾಲಯವು ತನ್ನ ಮೆಚ್ಚಿನ ಭಾಷೆಗೆ ವಿಶೇಷ ಸ್ಥಾನ ಕೊಡುವ ವ್ಯವಸ್ಥೆಯಿದೆ. ಅಂದರೆ ಕನ್ನಡವನ್ನು ಮುಂದಿಡುವ ಹಕ್ಕು ಆ ಗ್ರಂಥಗಳಲ್ಲೇ ಬರೆದಿಟ್ಟಿದೆ. ಬರೆದಿರುವುದು ಇಂಗ್ಲಿಷಿನಲ್ಲಿ, ಅದೂ ಸಣ್ಣ ಅಕ್ಷರದ ಟಿಪ್ಪಣಿಯಲ್ಲಿ. ಇಂಗ್ಲಿಷನ್ನು ನಿಧಾನವಾಗಿ, ಅರ್ಥವಿಟ್ಟು ಓದಬಲ್ಲ ಗ್ರಂಥಪಾಲಕನು ಈ ಹಕ್ಕನ್ನು ಚಲಾಯಿಸಬಲ್ಲ. ಅಂಕೆಗಳನ್ನು ಮಾತ್ರ ಕಂಠಪಾಠ ಮಾಡಿದವನು ಚಲಾಯಿಸಲಾರ. ಕನ್ನಡಕ್ಕಾಗಿ ಇಂಗ್ಲಿಷ್ ಬೇಕು ಎಂಬ ಮಾತು ವಿರೋಧಾಭಾಸದಂತೆ ಕೇಳಿಸಿದರೂ, ಈ ಸಂದರ್ಭದಲ್ಲಿ ಅದು ನಿಜವಾದ ಮಾತು.

ಆದರೆ ಇಲ್ಲಿ ಬೇಕಾದ ಇಂಗ್ಲಿಷ್ ಯಾವ ಬಗೆಯದೆಂಬುದನ್ನು ಗಮನಿಸಬೇಕು. ಅದು ಓದಿನ ಇಂಗ್ಲಿಷ್. ಸಂದರ್ಶನದಲ್ಲಿ ಸರಸರನೆ ಮಾತನಾಡುವ ಚಾತುರ್ಯಕ್ಕೂ ಇದಕ್ಕೂ ನಂಟಿಲ್ಲ. ನಮ್ಮಲ್ಲಿ ಪ್ರೌಢಿಮೆಯೆಂದು ಮೆಚ್ಚುವುದು ಬಹುಮಟ್ಟಿಗೆ ಎರಡನೆಯದನ್ನು; ಕೆಲಸಕ್ಕೆ ಬೇಕಾದದ್ದು ಮೊದಲನೆಯದು.

4

ಇನ್ನು ಮೊದಲ ಪಕ್ಷದವರ ವಾದಕ್ಕೆ ಬರೋಣ. ಇಂಗ್ಲಿಷ್ ಚೆನ್ನಾಗಿ ಬಂದರೆ ಉಳಿದುದೆಲ್ಲ ತಾನಾಗಿ ಒದಗುತ್ತದೆಯೆ?

ಕನ್ನಡ ಓದಲು ಬಾರದವನು ಕನ್ನಡ ಪುಸ್ತಕವನ್ನು ವರ್ಗೀಕರಿಸಬೇಕಾದರೆ ಅವನಿಗೆ ಆಧಾರ ಶೀರ್ಷಿಕೆಯ ಅನುವಾದವೊಂದೇ. ಶಿವರಾಮ ಕಾರಂತರ ‘ಚೋಮನ ದುಡಿ’ಯನ್ನು ಹೀಗೆ ಅನುವಾದದಿಂದ ತಿಳಿದವನು ವಾದ್ಯಶಾಸ್ತ್ರಕ್ಕೂ, ‘ಮರಳಿ ಮಣ್ಣಿಗೆ’ಯನ್ನು ಬೇಸಾಯಕ್ಕೂ ಸೇರಿಸಿದರೆ ನಾವು ಆಶ್ಚರ್ಯಪಡಬೇಕಾಗಿಲ್ಲ. ವಚನಗಳ ಸಂಕಲನವೊಂದು ಸಾಹಿತ್ಯಕ್ಕೆ ಸೇರಬೇಕೋ ಧರ್ಮಕ್ಕೆ ಸೇರಬೇಕೋ ಎಂಬುದಂತೂ ಕನ್ನಡ ಬಲ್ಲವನಿಗೇ ಕಠಿನವಾದ ಪ್ರಶ್ನೆ. ಸಂಪಾದಕನು ಯಾವ ಉದ್ದೇಶದಿಂದ ಆರಿಸಿದ್ದಾನೆಂಬುದನ್ನು ಮುನ್ನುಡಿ ಓದಿಯೇ ನಿರ್ಣಯಿಸಬೇಕು.

ಲಿಪ್ಯಂತರದ ವಿಷಯ ಇನ್ನೂ ಗಂಭೀರವಾದುದು. ಗ್ರಂಥಗಳ ಒಪ್ಪಿಸುವಿಕೆಯನ್ನು ಕುರಿತ 1954ರ ಕೇಂದ್ರ ಕಾಯಿದೆಯ ಪ್ರಕಾರ ದೇಶದ ಪ್ರಕಾಶಕರು ತಮ್ಮ ಪುಸ್ತಕಗಳ ಪ್ರತಿಯನ್ನು ಕಲ್ಕತ್ತೆಯ ರಾಷ್ಟ್ರೀಯ ಗ್ರಂಥಾಲಯಕ್ಕೂ ಇತರ ಮೂರು ಗ್ರಂಥಾಲಯಗಳಿಗೂ ಕಳುಹಿಸಬೇಕು. ಹೀಗೆ ಬಂದ ಪುಸ್ತಕಗಳ ಆಧಾರದಿಂದ 1958ರಲ್ಲಿ ಭಾರತೀಯ ರಾಷ್ಟ್ರೀಯ ಗ್ರಂಥಸೂಚಿ ಹೊರಬರಲು ಮೊದಲಾಯಿತು. ದೇಶದ ಹಲವು ಭಾಷೆಗಳ ಪುಸ್ತಕಗಳನ್ನು ಒಂದೇ ಅನುಕ್ರಮದಲ್ಲಿ ತರಬೇಕಾದುದರಿಂದ ಅದರಲ್ಲಿ ರೋಮನ್ ಲಿಪಿಯನ್ನು ಅಂಗೀಕರಿಸಿದರು. ಆ ಕಾಲದ ಮುದ್ರಣಸೌಕರ್ಯವನ್ನು ನೆನೆದರೆ ಅದು ವಿವೇಕದ ನಿರ್ಧಾರವೇ ಸರಿ. ರಾಷ್ಟ್ರಮಟ್ಟದ ಸೂಚಿಗೆ ಒಂದು ಸಮಾನಲಿಪಿ ಬೇಕೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಅಲ್ಲಿ ಉದ್ದ ಸ್ವರಗಳಿಗೆ ಗೀಟನ್ನೂ ಳಕಾರಕ್ಕೆ ಚುಕ್ಕೆಯನ್ನೂ ಹಾಕುವ ಶಿಸ್ತಿತ್ತು. ಆ ಪದ್ಧತಿ ಊರಿನ ಗ್ರಂಥಾಲಯದ ಗಣಕಯಂತ್ರಕ್ಕೆ ಇಳಿದು ಬರುವಷ್ಟರಲ್ಲಿ ಗೀಟೂ ಚುಕ್ಕೆಯೂ ಉದುರಿಹೋಗಿರುತ್ತವೆ. ಗೀಟುಚುಕ್ಕೆಗಳಿಲ್ಲದ ರೋಮನ್ ಬರಹದಲ್ಲಿ ಬಲೆ, ಬಳೆ, ಬಾಲೆ, ಬಾಳೆ ಈ ನಾಲ್ಕೂ ಒಂದೇ ಪದ. ಹುಡುಕುವವನಿಗೆ ಬೇಕಾದದ್ದು ಮೀನುಗಾರಿಕೆಯೋ ಬಾಳೆಯ ತೋಟವೋ ಸೂಚಿಗೆ ತಿಳಿಯದು.

ಗ್ರಂಥಕರ್ತರ ಹೆಸರುಗಳ ಗತಿಯೂ ಇದೇ. ಸೂಚೀಕರಣದ ಇಂಗ್ಲಿಷ್ ನಿಯಮಗಳು ಬಹುಮಟ್ಟಿಗೆ ಕುಲನಾಮವನ್ನು ಮುಂದಿಡುವ ಸಮಾಜದಲ್ಲಿ ಹುಟ್ಟಿದುವು. ದೇವನಹಳ್ಳಿ ವೆಂಕಟರಮಣಯ್ಯ ಗುಂಡಪ್ಪ ಎಂಬಲ್ಲಿ ಮೊದಲನೆಯದು ಊರು, ಎರಡನೆಯದು ತಂದೆಯ ಹೆಸರು, ಕೊನೆಯದು ಅವರದೇ ಹೆಸರು. ಓದುಗನಿಗೆ ಮಾತ್ರ ಅವರು ಡಿ.ವಿ.ಜಿ. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪನವರನ್ನು ಓದುಗನು ಕುವೆಂಪು ಎಂದೇ ಕೇಳುತ್ತಾನೆ. ಬೇಂದ್ರೆಯವರು ಅಂಬಿಕಾತನಯದತ್ತರೂ ಹೌದು, ಮಾಸ್ತಿಯವರು ಶ್ರೀನಿವಾಸರೂ ಹೌದು. ಕಾರಂತ ಎಂಬುದು ಮನೆತನದ ಹೆಸರು, ಗುಂಡಪ್ಪ ಎಂಬುದು ಅಲ್ಲ. ಈ ಭೇದವನ್ನು ಯಾವ ಇಂಗ್ಲಿಷ್ ಕೈಪಿಡಿಯೂ ಪೂರ್ತಿಯಾಗಿ ಕಲಿಸಲಾರದು. ಕನ್ನಡದ ಬಳಕೆಯನ್ನು ಬಲ್ಲವನೇ ಒಬ್ಬ ಲೇಖಕನ ಹಲವು ಹೆಸರುಗಳನ್ನು ಒಂದು ಕಡೆ ಕೂಡಿಸಿ, ಒಂದರಿಂದ ಇನ್ನೊಂದಕ್ಕೆ ದಾರಿ ತೋರಿಸಬಲ್ಲ. ಆರ್. ನರಸಿಂಹಾಚಾರ್ಯರು 1907, 1919, 1929ರ ಮೂರು ಸಂಪುಟಗಳಲ್ಲಿ ‘ಕರ್ಣಾಟಕ ಕವಿಚರಿತೆ’ಯನ್ನು ಪೂರೈಸಿದಾಗ ಹಳೆಯ ಕವಿಗಳಿಗೆ ಸಂಬಂಧಿಸಿದಂತೆ ಇಂಥ ಕೆಲಸದ ತಳಹದಿ ಬಿದ್ದಿತ್ತು. ಅದು ಕನ್ನಡದಲ್ಲಿ, ಕನ್ನಡ ಬಲ್ಲವರಿಂದ ನಡೆದ ಕೆಲಸವೆಂಬುದು ಸ್ಮರಣಾರ್ಹ.

1991ರಲ್ಲಿ ಯೂನಿಕೋಡ್ ಸಂಕೇತದಲ್ಲಿ ಕನ್ನಡ ಲಿಪಿಗೆ ಸ್ಥಾನ ದೊರೆತ ಮೇಲೆ, ಯಂತ್ರಕ್ಕೆ ಕನ್ನಡ ಬಾರದೆಂಬ ಕಾರಣವೂ ಕ್ರಮೇಣ ಇಲ್ಲವಾಯಿತು. ಕೋಹಾದಂಥ ಉಚಿತ ತಂತ್ರಾಂಶದಲ್ಲಿ ಕನ್ನಡ ಪುಸ್ತಕವನ್ನು ಕನ್ನಡದಲ್ಲೇ ದಾಖಲಿಸಲು ಅಡ್ಡಿಯಿಲ್ಲ. ಈಗಲೂ ಕನ್ನಡ ಪುಸ್ತಕವನ್ನು ರೋಮನ್ ಅಕ್ಷರದಲ್ಲಿ ಮಾತ್ರ ದಾಖಲಿಸುವ ಕಡೆಗಳಲ್ಲಿ ಅದಕ್ಕೆ ಕಾರಣ ಯಂತ್ರವಲ್ಲ, ಅಭ್ಯಾಸ.

5

ಇಷ್ಟು ವಿವೇಚನೆಯನ್ನು ಒಂದು ಊರಿಗೆ ಅನ್ವಯಿಸಿ ನೋಡದಿದ್ದರೆ ಅದು ಬರಿಯ ತರ್ಕವಾಗುತ್ತದೆ. ಬೆಂಗಳೂರಿನ ವಾಯವ್ಯಕ್ಕೆ ತುಮಕೂರು ರಸ್ತೆಯ ಮೇಲಿರುವ ಟಿ. ದಾಸರಹಳ್ಳಿಯನ್ನು ನಾವು ಆರಿಸಿಕೊಂಡಿರುವುದು ಈ ಕಾರಣದಿಂದ.

ಈ ಸೀಮೆಯ ಸ್ವರೂಪವನ್ನು ಬದಲಿಸಿದುದು ಕಾರ್ಖಾನೆ. 1953ರಲ್ಲಿ ಎಚ್.ಎಂ.ಟಿ., 1954ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಸ್ಥಾಪನೆಗೊಂಡು ಜಾಲಹಳ್ಳಿಯ ಸುತ್ತ ಕೈಗಾರಿಕೆ ಬೇರೂರಿತು. 1970ರ ದಶಕದ ಕೊನೆಯ ಭಾಗದಿಂದ ಪೀಣ್ಯ ಕೈಗಾರಿಕಾ ಪ್ರದೇಶವು ಬೆಳೆಯಿತು. ಯಂತ್ರಭಾಗಗಳ ಸಣ್ಣ ಕಾರ್ಖಾನೆಗಳು, ಲೋಹಲೇಪನದ ಶೆಡ್ಡುಗಳು, ಸಿದ್ಧ ಉಡುಪಿನ ಕಾರ್ಖಾನೆಗಳು ಒತ್ತಾಗಿ ನೆಲೆಸಿದುವು. ನಗರಸಭೆಯಾಗಿದ್ದ ದಾಸರಹಳ್ಳಿಯು 2007ರಲ್ಲಿ ಬೇರೆ 6 ನಗರಸಭೆಗಳೊಂದಿಗೆ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯಲ್ಲಿ ವಿಲೀನವಾಯಿತು. 2015ರ ಮೇ 1ರಂದು ಪೀಣ್ಯ ಇಂಡಸ್ಟ್ರಿಯಿಂದ ನಾಗಸಂದ್ರದವರೆಗಿನ ಮೆಟ್ರೊ ಮಾರ್ಗ ತೆರೆದಾಗ ದಾಸರಹಳ್ಳಿಗೂ ಒಂದು ನಿಲ್ದಾಣ ಬಂದಿತು.

ಈ ಊರಿನ ಓದುಗನು ಯಾರು? ಹಳೆಯ ಗ್ರಾಮದ ಕನ್ನಡ, ತೆಲುಗು ಮನೆಮಾತಿನ ಒಕ್ಕಲುಗಳವನು ಒಬ್ಬ. ಉತ್ತರ ಕರ್ನಾಟಕದ ಜಿಲ್ಲೆಗಳಿಂದ ಕೂಲಿಗೆ, ಕಾರ್ಖಾನೆಗೆ ಬಂದವನು ಮತ್ತೊಬ್ಬ. ಅವನ ಕನ್ನಡವೇ ಇಲ್ಲಿಯವರ ಕಿವಿಗೆ ಬೇರೆಯಾಗಿ ಕೇಳಿಸುತ್ತದೆ. ತಮಿಳು, ಉರ್ದು ಮನೆಮಾತಿನವರು ಬಹುಕಾಲದಿಂದ ಇದ್ದಾರೆ. ಬಿಹಾರ, ಒಡಿಶಾ, ಬಂಗಾಳಗಳಿಂದ ಬಂದವರು ಈಚೆಗೆ ಹೆಚ್ಚಿದ್ದಾರೆ. 2011ರ ಜನಗಣತಿಯು ದೇಶದಲ್ಲಿ 10,000ಕ್ಕೆ ಕಡಮೆಯಿಲ್ಲದಷ್ಟು ಜನರಾಡುವ 121 ಭಾಷೆಗಳನ್ನು ಲೆಕ್ಕಹಾಕಿತು. ಅದೇ ಗಣತಿಯಲ್ಲಿ ಇಂಗ್ಲಿಷನ್ನು ಮಾತೃಭಾಷೆಯೆಂದು ಬರೆಯಿಸಿದವರು ಇಡೀ ದೇಶದಲ್ಲಿ ಸುಮಾರು 2 ಲಕ್ಷ 60 ಸಾವಿರ ಮಂದಿ ಮಾತ್ರ. ಎಂದಮೇಲೆ ಪೀಣ್ಯದ ಪಾಳಿ ಮುಗಿಸಿ ಬರುವವನೊಡನೆ ಇಂಗ್ಲಿಷಿನಲ್ಲಿ ಮಾತನಾಡುವ ಪ್ರಸಂಗವೇ ಅಪರೂಪ. ಅಲ್ಲಿ ಬೇಕಾದದ್ದು ಎರಡು ಮೂರು ನೆರೆಭಾಷೆಗಳ ಆಡುಮಾತು, ಕೇಳಿಸಿಕೊಳ್ಳುವ ತಾಳ್ಮೆ.

ಆದರೆ ಇದೇ ಓದುಗನಿಗೆ ಬೇಕಾದ ಪುಸ್ತಕ ಯಾವುದೆಂದು ಕೇಳಿದಾಗ ಎರಡನೆಯ ಪಕ್ಷದವರ ಉತ್ತರ ಕುಸಿಯುತ್ತದೆ. ಕೈಗಾರಿಕಾ ತರಬೇತಿ ಸಂಸ್ಥೆಯಲ್ಲಿ ಕನ್ನಡದಲ್ಲಿ ಪಾಠ ಕೇಳಿ, ಲೇತಿನ ಮುಂದೆ ನಿಂತ ಯುವಕನಿಗೆ ಗಣಕನಿಯಂತ್ರಿತ ಯಂತ್ರದ ಕೈಪಿಡಿ ಬೇಕಾಗಿದೆ, ಅದು ಇಂಗ್ಲಿಷಿನಲ್ಲಿದೆ. ಉಡುಪಿನ ಕಾರ್ಖಾನೆಯ ಹೆಣ್ಣುಮಗಳಿಗೆ ಭವಿಷ್ಯನಿಧಿಯ ಅರ್ಜಿಯ ವಿವರ ಬೇಕು. ಅದು ಹೆಚ್ಚಾಗಿ ಇಂಗ್ಲಿಷಿನಲ್ಲಿಯೋ ಹಿಂದಿಯಲ್ಲಿಯೋ ದೊರೆಯುತ್ತದೆ. ಸ್ಪರ್ಧಾಪರೀಕ್ಷೆಗೆ ಓದುವವನಿಗೆ ಎರಡೂ ಭಾಷೆಯ ಪುಸ್ತಕಗಳು ಬೇಕು. ಹಣವುಳ್ಳವನ ಮಗನಿಗೆ ಇದನ್ನೆಲ್ಲ ತಿಳಿಸಿಕೊಡಲು ಬೇರೆ ದಾರಿಗಳಿವೆ. ಇವರಿಗೆ ಇರುವುದು ಶಾಖಾ ಗ್ರಂಥಾಲಯದ ಮೇಜಿನ ಹಿಂದೆ ಕುಳಿತ ಒಬ್ಬರು ಮಾತ್ರ. ಆ ಒಬ್ಬರು ಇಂಗ್ಲಿಷ್ ಪುಸ್ತಕದ ಪರಿವಿಡಿಯನ್ನು ಓದಿ, ಬೇಕಾದ ಪುಟ ಇದು ಎಂದು ಕನ್ನಡದಲ್ಲಿ ಹೇಳಬಲ್ಲವರಾದರೆ ಪುಸ್ತಕ ಓದುಗನಿಗೆ ಮುಟ್ಟಿತು. ಇಲ್ಲವಾದರೆ ಅದು ಕಪಾಟಿನಲ್ಲಿದ್ದೂ ಇಲ್ಲದಂತೆಯೆ. ಗ್ರಂಥಪಾಲಕನ ಇಂಗ್ಲಿಷ್ ಕೊರತೆಯ ದಂಡವನ್ನು ತೆರುವವರು ಇಂಗ್ಲಿಷ್ ಬಾರದ ಬಡವರೇ ಎಂಬುದನ್ನು ಕನ್ನಡಾಭಿಮಾನಿಗಳು ಮನಸ್ಸಿಗೆ ತಂದುಕೊಳ್ಳಬೇಕು.

ಪ್ರತಿಯೊಬ್ಬ ಓದುಗನಿಗೂ ಅವನ ಪುಸ್ತಕ ದೊರೆಯಬೇಕು, ಓದುಗನ ಹೊತ್ತು ವ್ಯರ್ಥವಾಗಬಾರದು ಎಂಬ ಆಶಯಗಳು ರಂಗನಾಥನ್ ಅವರು 1931ರಲ್ಲಿ ಪ್ರಕಟಿಸಿದ ಪಂಚಸೂತ್ರಗಳಲ್ಲಿ ಸೇರಿವೆ. ಅವರು ಭಾಷೆಗೆಂದೇ ಪ್ರತ್ಯೇಕವಾದ ಸೂತ್ರವನ್ನು ರಚಿಸಲಿಲ್ಲ. ದಾಸರಹಳ್ಳಿಯಂಥ ಊರಿನಲ್ಲಿ ಆ ಸೂತ್ರಗಳು ಭಾಷೆಯ ಮೂಲಕವಲ್ಲದೆ ನಡೆಯಲಾರವು. ಅಲ್ಲಿ ಓದುಗನಿಗೂ ಪುಸ್ತಕಕ್ಕೂ ನಡುವಿನ ದೂರವೆಂದರೆ ಎರಡು ಭಾಷೆಗಳ ನಡುವಿನ ದೂರವೇ.

6

ಮೇಲಿನ ವಿವೇಚನೆಯಿಂದ ಗ್ರಂಥಪಾಲಕನ ಭಾಷಾಜ್ಞಾನವನ್ನು ಮೂರಾಗಿ ವಿಭಾಗಿಸಬಹುದೆಂದು ತೋರುತ್ತದೆ. ಉಪಕರಣದ ಭಾಷೆ, ಪುಸ್ತಕದ ಭಾಷೆ, ಓದುಗನ ಭಾಷೆ. ಮೊದಲನೆಯದು ಇಂದಿಗೆ ಇಂಗ್ಲಿಷ್; ಅಲ್ಲಿ ಬೇಕಾದದ್ದು ಅರ್ಥಗ್ರಹಣದ ಸಾಮರ್ಥ್ಯ. ಎರಡನೆಯದು ನಮ್ಮ ಸಾರ್ವಜನಿಕ ಗ್ರಂಥಾಲಯಗಳಲ್ಲಿ ಪ್ರಧಾನವಾಗಿ ಕನ್ನಡ; ಅಲ್ಲಿ ಬೇಕಾದದ್ದು ಲಿಪಿ, ಸಾಹಿತ್ಯ, ಹೆಸರುಗಳ ಪರಿಚಯ. ಮೂರನೆಯದು ಊರಿಂದೂರಿಗೆ ಬೇರೆ; ಅಲ್ಲಿ ಬೇಕಾದದ್ದು ಆಡುಮಾತು. ಒಂದರ ಕೊರತೆಯನ್ನು ಇನ್ನೊಂದರ ಸಮೃದ್ಧಿ ತುಂಬಲಾರದು.

ಇದರಿಂದ ಕೆಲವು ಕಾರ್ಯಸೂಚನೆಗಳು ಹೊರಡುತ್ತವೆ. ಒಂದು, ಗ್ರಂಥಪಾಲಕರ ಪರೀಕ್ಷೆಗಳಲ್ಲಿ ಸಾಮಾನ್ಯ ಇಂಗ್ಲಿಷಿನ ಪ್ರಬಂಧಕ್ಕಿಂತ, ಇಂಗ್ಲಿಷ್ ಪುಸ್ತಕವೊಂದರ ಪರಿವಿಡಿಯನ್ನು ಕನ್ನಡದಲ್ಲಿ ಸಂಗ್ರಹಿಸಿ ಹೇಳುವ ಪರೀಕ್ಷೆ ಹೆಚ್ಚು ಉಪಯುಕ್ತ. ಎರಡು, ಕನ್ನಡ ಪುಸ್ತಕಗಳ ದಾಖಲೆ ಮೊದಲು ಕನ್ನಡಲಿಪಿಯಲ್ಲಿರಬೇಕು. ರೋಮನ್ ರೂಪ ಬೇಕಾದಲ್ಲಿ ಗೀಟುಚುಕ್ಕೆಗಳ ಸಮೇತ ಅದರ ಜೊತೆಗಿರಲಿ. ಮೂರು, ಕನ್ನಡ ಲೇಖಕರ ನಿಜನಾಮ, ಕಾವ್ಯನಾಮ, ಸಂಕ್ಷಿಪ್ತನಾಮಗಳ ಪ್ರಮಾಣಪಟ್ಟಿಯೊಂದನ್ನು ವಿಶ್ವವಿದ್ಯಾನಿಲಯಗಳ ಕನ್ನಡ, ಇತಿಹಾಸ ಮತ್ತು ಗ್ರಂಥಾಲಯಶಾಸ್ತ್ರ ವಿಭಾಗಗಳು ಕೂಡಿ ಸಿದ್ಧಪಡಿಸಿ, ರಾಜ್ಯದ ಗ್ರಂಥಾಲಯಗಳಿಗೆಲ್ಲ ಸುಲಭವಾಗಿ ದೊರೆಯುವಂತೆ ಮಾಡಬೇಕು. ನಾಲ್ಕು, ಬಹುಮಟ್ಟಿಗೆ ಇಂಗ್ಲಿಷಿನಲ್ಲಿಯೇ ನಡೆಯುವ ಗ್ರಂಥಾಲಯಶಾಸ್ತ್ರದ ಬೋಧನೆಯಲ್ಲಿ ಕನ್ನಡ ಪರಿಭಾಷೆಯನ್ನೂ ಒಟ್ಟಿಗೆ ಕಲಿಸಬೇಕು. ಕಲಿತದ್ದನ್ನು ತನ್ನ ಭಾಷೆಯಲ್ಲಿ ಹೇಳಲಾರದವನು ಓದುಗನಿಗೂ ಹೇಳಲಾರ.

ಇವೆಲ್ಲಕ್ಕೂ ಒಂದು ಆಕ್ಷೇಪ ಬರಬಹುದು: ಇಷ್ಟು ಗುಣಗಳುಳ್ಳ ಗ್ರಂಥಪಾಲಕನನ್ನು ಎಲ್ಲಿಂದ ತರುವುದು? ಆಕ್ಷೇಪ ನ್ಯಾಯವಾದದ್ದೇ. ಸಿಬ್ಬಂದಿ ಕಡಮೆಯಿರುವ ಶಾಖೆಯಲ್ಲಿ ಒಬ್ಬರಿಂದಲೇ ಶಾಮಶಾಸ್ತ್ರಿಗಳ ಪಾಂಡಿತ್ಯವನ್ನೂ ನೆರೆಹೊರೆಯವರ ಸಲುಗೆಯನ್ನೂ ನಿರೀಕ್ಷಿಸುವುದು ಅನ್ಯಾಯ. ಆದರೆ ಮೂರು ಸಾಮರ್ಥ್ಯಗಳೂ ಒಬ್ಬನಲ್ಲಿಯೇ ಇರಬೇಕೆಂದು ನಾವು ಹೇಳಿಲ್ಲ. ಒಂದು ಗ್ರಂಥಾಲಯದ ವ್ಯವಸ್ಥೆಯಲ್ಲಿ ಮೂರೂ ಇರಬೇಕೆಂದಷ್ಟೇ ನಮ್ಮ ವಾದ. ಉಪಕರಣದ ಕೆಲಸವನ್ನು ಕೇಂದ್ರ ಗ್ರಂಥಾಲಯದಲ್ಲಿ ಒಮ್ಮೆ ಚೆನ್ನಾಗಿ ಮಾಡಿ ಎಲ್ಲ ಶಾಖೆಗಳಿಗೂ ಹಂಚಬಹುದು. ಓದುಗನೊಡನೆ ಮಾತನಾಡುವ ಕೆಲಸವನ್ನು ಮಾತ್ರ ಬೇರೆ ಊರಿನಲ್ಲಿ ಕುಳಿತು ಮಾಡಲಾಗದು. ಅದಕ್ಕೆ ದಾಸರಹಳ್ಳಿಯವರೇ ಬೇಕು.

ಗ್ರಂಥಪಾಲಕನಿಗೆ ಇಂಗ್ಲಿಷ್ ಎಷ್ಟು ಬರುತ್ತದೆಂದು ಕೇಳುವುದನ್ನು ಬಿಟ್ಟು, ಅವನಿಗೆ ಬರುವ ಇಂಗ್ಲಿಷಿನಿಂದ ಇಂಗ್ಲಿಷ್ ಬಾರದವನಿಗೆ ಎಷ್ಟು ದೊರೆಯುತ್ತದೆಂದು ಕೇಳುವುದೇ ಉಚಿತವಾದ ಕ್ರಮ. ರೂಪಾಯಿಗೆ ಆರು ಪೈಸೆಯ ಲೆಕ್ಕವನ್ನು ಆ ಪ್ರಶ್ನೆಯ ಉತ್ತರದಲ್ಲಿಯೇ ನಾವು ನೋಡಬೇಕಾಗಿದೆ.